ದೊಡ್ಡ ಸ್ವಾಮಿಯೋರು ಬರೆದಿಟ್ಟ ಲೆಕ್ಕ

ನಮ್ಮ ಜರಗನಹಳ್ಳಿಗೆ ಹೊಸದಾಗಿ ಬಾಡಿಗೆಗೆ ಬಂದೋರು ಸ್ವಲ್ಪ ಪರಿಚಯ ಆದ ಮೇಲೆ ಕೇಳೋ ಪ್ರಶ್ನೆ ಒಂದಿದೆ. ನೇರವಾಗಿ ಕೇಳಲ್ಲ, ಸುತ್ತಿ ಬಳಸಿ ಕೇಳ್ತಾರೆ. "ನೀವು ಕ್ರಿಶ್ಚಿಯನ್ನಾ? ಮತ್ತೆ ಹಣೆಗೆ ಇಟ್ಕೋತೀರಾ, ಮುದ್ದೆ ತಿರುವ್ತೀರಾ, ಮಾತೂ ನಮ್ಮಂಗೇ ಇದೆ. ಯಾವಾಗ ಆಗಿದ್ದು?" ಯಾವಾಗ ಆಗಿದ್ದು ಅಂದ್ರೆ ಏನು ಹೇಳಲಿ ಹೇಳಿ. ನಮ್ಮತ್ತೆಗೆ ಗೊತ್ತಿಲ್ಲ, ಅವರತ್ತೆಗೂ ಗೊತ್ತಿರಲಿಲ್ಲ. ಆನೇಕಲ್ ಕಡೆ, ಕನಕಪುರದ ಕಡೆ ಹಳೇ ಕ್ರೈಸ್ತ ಮನೆಗಳಲ್ಲಿ ಯಾವ ಅಜ್ಜೀನ ಕೇಳಿದ್ರೂ ಒಂದೇ ಮಾತು: "ಹಿಂದಿನಿಂದ್ಲೂ ಇಂಗೇಯ."

ನನಗೆ ಯಾವಾಗ ಅನ್ನೋದಕ್ಕಿಂತ ಹೆಂಗೆ ಉಳೀತು ಅನ್ನೋದೇ ಜಾಸ್ತಿ ಕಾಡುತ್ತೆ. ಯಾಕಂದ್ರೆ ಇದು ಈ ನೆಲದಲ್ಲಿ ನಿಲ್ಲೋ ಗಿಡ ಅಲ್ಲ ಅಂತ ಒಬ್ಬರು ಪುಸ್ತಕಾನೇ ಬರೆದು ಅಚ್ಚು ಹಾಕಿಸಿದ್ರು. ಬೇರೆ ಧರ್ಮದೋರು ಬರೆದಿದ್ರೆ ಹೋಗ್ಲಿ ಬಿಡು ಅನ್ನಬಹುದಿತ್ತು. ಬರೆದೋರು ನಮ್ಮ ಪಾದ್ರಿಗಳೇ. ಈ ಮೈಸೂರು ಸೀಮೇಲಿ ವರ್ಷಗಟ್ಟಲೆ ಸುತ್ತಿದೋರು. ಅವರ ಹೆಸರು ಅಬೆ ದುಬುವಾ. ಜನ ಕರೀತಿದ್ದದ್ದು ದೊಡ್ಡ ಸ್ವಾಮಿಯೋರು ಅಂತ.

ಅವರಿಗಿಂತ ಮುಂಚಿನ ಕತೆ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ರೆ ಅವರ ಬೇಜಾರು ಅರ್ಥ ಆಗಲ್ಲ. 1640ರ ದಶಕದ ಕೊನೇಲಿ ಲಿಯೊನಾರ್ಡೊ ಚಿನ್ನಾಮಿ ಅನ್ನೋ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದ್ರು. ಆಗ ಅದು ಮೈಸೂರು ಒಡೆಯರ ರಾಜಧಾನಿ. ಅವರು, ಅವರ ಜೊತೆಯೋರು ಸನ್ಯಾಸಿಗಳ ಥರಾ ಬಟ್ಟೆ ಉಟ್ಟು, ಮಾಂಸ ಬಿಟ್ಟು, ಕನ್ನಡ ಕಲಿತು ಹಳ್ಳಿ ಹಳ್ಳಿ ತಿರುಗಿದ್ರು. ಚಿನ್ನಾಮಿ ಕನ್ನಡದ ವ್ಯಾಕರಣ ಬರೆದ್ರು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದ್ರು. ನಮ್ಮ ಕಡೆ ಹಳೇ ಕ್ರೈಸ್ತ ಮನೆಗಳ ಬೇರು ಆ ಕಾಲದ್ದೇ. ಆಮೇಲೆ ಯುರೋಪಿನ ರಾಜರ ಜಗಳದಲ್ಲಿ ಆ ಜೆಸುಯಿಟ್ ಸಂಘಕ್ಕೇ ಸಂಚಕಾರ ಬಂತು. 1773ರಲ್ಲಿ ಪೋಪರೇ ಅದನ್ನ ಮುಚ್ಚಿಸಿದ್ರು. ಎಲ್ಲೋ ರೋಮಿನಲ್ಲಿ ಒಂದು ಕಾಗದಕ್ಕೆ ಸಹಿ ಬಿತ್ತು, ಇಲ್ಲಿ ರಾಗಿ ಹೊಲದ ಮಧ್ಯೆ ಇದ್ದ ಜನಕ್ಕೆ ಮಗೂಗೆ ನೀರು ಹಾಕೋಕೆ ಸ್ವಾಮಿಗಳೇ ಇಲ್ಲದಂಗಾಯ್ತು. ಪ್ಯಾರಿಸ್ಸಿನ ಮಿಷನ್ನಿನೋರು ಆಮೇಲೆ ವಹಿಸ್ಕೊಂಡ್ರು ನಿಜ, ಆದ್ರೆ ಇಡೀ ಸೀಮೆಗೆ ಕೈಬೆರಳಲ್ಲಿ ಎಣಿಸೋಷ್ಟು ಪಾದ್ರಿಗಳು.

ಅದರ ಬೆನ್ನಿಗೇ 1784. ಟಿಪ್ಪು ಸುಲ್ತಾನ ಕೆನರಾ ಕಡೆಯ ಕ್ರೈಸ್ತರನ್ನ, ಬ್ರಿಟಿಷರಿಗೆ ಸಹಾಯ ಮಾಡಿದ್ರು ಅನ್ನೋ ಆಪಾದನೆ ಮೇಲೆ, ಸಾವಿರಾರು ಲೆಕ್ಕದಲ್ಲಿ ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ದಾರೀಲೇ ಎಷ್ಟೋ ಜನ ಸತ್ರು. ಬಂದೋರಲ್ಲಿ ಗಂಡಸರಿಗೆ ಬಲವಂತದ ಮತಾಂತರ ಆಯ್ತು. ಅವರು ಕೊಂಕಣಿ ಮನೆಮಾತಿನೋರು, ನಮ್ಮ ಕಡೆಯೋರಲ್ಲ. ಆದ್ರೂ ಈ ಕತೆಗೆ ಅವರು ಬೇಕು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ಚದುರಿಹೋದ ಮಂದೇನ ಮತ್ತೆ ಒಟ್ಟು ಮಾಡೋಕೆ ದುಬುವಾ ಅವರನ್ನ ಕರೆಸಿದ್ರು. ಫ್ರಾನ್ಸಿನಲ್ಲಿ ಕ್ರಾಂತಿ ಆಗಿ ಪಾದ್ರಿಗಳ ತಲೆ ಉರುಳೋ ಹೊತ್ತಿಗೆ ಅಲ್ಲಿಂದ ಹೊರಟು ಬಂದಿದ್ದ ಮನುಷ್ಯ. ಇಲ್ಲಿ ನಿಲುವಂಗಿ ತೊಟ್ಟು, ಪೇಟ ಸುತ್ತಿ, ನಮ್ಮೂಟ ಉಂಡು, ನಮ್ಮ ಮಾತಾಡಿಕೊಂಡು ಬದುಕಿದ್ರು. ಹಾಸನದ ಕಡೆ ಕ್ರೈಸ್ತ ರೈತರನ್ನ ಕೂಡಿಸಿ ಒಂದು ಒಕ್ಕಲು ಊರನ್ನೇ ಕಟ್ಟಿದ್ರು. ಸಿಡುಬಿಗೆ ದಾಕು ಹಾಕೋದು ಹೊಸದಾಗಿ ಬಂದಿದ್ದ ಕಾಲ, ಜನಕ್ಕೆ ಭಯ, ಮಾರಮ್ಮ ಮುನಿದಾಳು ಅಂತ. ಇವರು ಮುಂದೆ ನಿಂತು 1803-04ರಲ್ಲಿ 25,432 ಜನಕ್ಕೆ ಹಾಕಿಸಿದ್ರಂತೆ, ಪಟ್ಟಿ ಸಮೇತ ಬರೆದಿಟ್ಟಿದ್ದಾರೆ. ಆ ಎರಡು ಅಂಕಿ ಕೊನೇಲಿ ಬಿಡದೆ ಬರೆದಿದ್ದಾರಲ್ಲ, ಅದರಲ್ಲೇ ಮನುಷ್ಯನ ಸ್ವಭಾವ ಗೊತ್ತಾಗುತ್ತೆ. ಲೆಕ್ಕದ ಮನುಷ್ಯ.

ಸೆಪ್ಟೆಂಬರ್ 8ಕ್ಕೆ ಕಾವಿ ಸೀರೆ ಉಟ್ಕೊಂಡು ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾಗೆ ಹೋಗ್ತೀವಲ್ಲ, ನೀವೂ ಎಷ್ಟೋ ಜನ ಹರಕೆ ಹೊತ್ತು ಬರ್ತೀರಲ್ಲ, ಅಲ್ಲಿ ಶುರೂನಲ್ಲಿ ಕಾಣಿಕೆ ಮಾತೆಯ ಹೆಸರಿನ ಸಣ್ಣ ಗುಡಿ ಕಟ್ಟಿಸಿದ್ದೂ ಇವರೇ.

ಹಿಂದೂಗಳ ಆಚಾರ ವಿಚಾರದ ಮೇಲೆ ಅವರು ಬರೆದ ದೊಡ್ಡ ಪುಸ್ತಕದ ಹಸ್ತಪ್ರತೀನ ಕಂಪನಿ ಸರ್ಕಾರ ದುಡ್ಡು ಕೊಟ್ಟು ಕೊಂಡ್ಕೊಳ್ತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯ್ತು, ಹೆಸರುವಾಸಿ ಆಯ್ತು. ಅದರಲ್ಲಿ ಬೇಕಾದಷ್ಟು ಭಾಗ ಕೂರ್ದೂ ಅನ್ನೋ ಇನ್ನೊಬ್ಬ ಹಳೇ ಪಾದ್ರಿ ಬರೆದಿಟ್ಟಿದ್ದರಿಂದ ಎತ್ತಿದ್ದು ಅಂತ ಈಗಿನ ವಿದ್ವಾಂಸರು ಪತ್ತೆ ಮಾಡಿದ್ದಾರೆ. ಇರಲಿ, ನಾವು ಪಕ್ಕದ ಮನೆ ಅಡುಗೇನ ನಮ್ಮದು ಅಂತ ಬಡಿಸಿಲ್ವಾ.

ನಾನು ಹೇಳಬೇಕಾಗಿರೋದು ಆ ಪುಸ್ತಕದ ವಿಷ್ಯ ಅಲ್ಲ. 1823ರ ಜನವರೀಲಿ ಅವರು ಇಂಡಿಯಾ ಬಿಟ್ಟು ಹೋದ್ರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಇನ್ನೊಂದು ಪುಸ್ತಕ ಬಂತು, ಇಂಡಿಯಾದಲ್ಲಿ ಕ್ರೈಸ್ತ ಧರ್ಮದ ಸ್ಥಿತಿ ಏನು ಅನ್ನೋ ಪತ್ರಗಳು. ಅದರಲ್ಲಿ ತಮ್ಮ ಜೀವಮಾನದ ಲೆಕ್ಕಾನ ತಾವೇ ಹಾಕಿದ್ದಾರೆ. ಇಪ್ಪತ್ತೈದು ವರ್ಷ ದುಡಿದು, ಒಬ್ಬ ದೇಶೀ ಪಾದ್ರಿಯ ಸಹಾಯ ತಗೊಂಡು, ಹೊಸದಾಗಿ ಸೇರಿಸಿದ್ದು ಇನ್ನೂರು ಮುನ್ನೂರು ಜನ. ಅದರಲ್ಲಿ ಮೂರರಲ್ಲಿ ಎರಡು ಪಾಲು ಊರ ಹೊರಗಿಟ್ಟೋರು, ಭಿಕ್ಷೆ ಬೇಡೋರು. ಮಿಕ್ಕೋರು ದಿಕ್ಕಿಲ್ಲದೆ, ಹೆಚ್ಚಾಗಿ ಮದುವೆ ಸಂಬಂಧಕ್ಕೆ ಬಂದೋರು. ಮನಸ್ಸಿಗೆ ನಿಜ ಅನ್ನಿಸಿ ಶಿಷ್ಯನಾದೋನು ಒಬ್ಬನೂ ನೆನಪಿಗೆ ಬರಲ್ಲ, ಹೇಳೋಕೆ ನಾಚಿಕೆ ಆಗುತ್ತೆ ಅಂತ ಬರೆದಿದ್ದಾರೆ. ಈ ಜನಾನ ಕ್ರೈಸ್ತರನ್ನ ಮಾಡೋದು ಆಗದ ಮಾತು ಅನ್ನೋದೇ ಅವರ ತೀರ್ಮಾನ.

ಮೊದಲ ಸಲ ಇದನ್ನ ಓದಿದಾಗ ನಂಗೆ ಸಿಟ್ಟು ಬಂತು. ಭಿಕ್ಷೆ ಬೇಡೋರು ಬಂದ್ರೆ ಲೆಕ್ಕಕ್ಕಿಲ್ವಾ ಸ್ವಾಮಿ? ಯೇಸುವಿನ ಹಿಂದೆ ಎದ್ದು ಹೋದ ಮೊದಲಿನೋರೆಲ್ಲ ಮೀನು ಹಿಡಿಯೋರು, ಸುಂಕ ವಸೂಲಿ ಮಾಡೋನು. ಮದುವೆಗೋಸ್ಕರ ಬಂದೋಳು ಅಂತ ಮೂಗು ಮುರೀತೀರಲ್ಲ, ಅವಳೇ ತಾನೇ ಮಕ್ಕಳಿಗೆ ಕೈ ಹಿಡಿದು ಶಿಲುಬೆ ಗುರುತು ಹಾಕಿಸೋಳು?

ಸಿಟ್ಟು ಇಳಿದ ಮೇಲೆ ಗೌರವಾನೂ ಬಂತು. ಊರಿಗೆ ಹೋಗಿ ಸಾವಿರ ಜನಾನ ಉದ್ಧಾರ ಮಾಡಿದೆ ಅಂತ ಕೊಚ್ಚಿಕೊಳ್ಳಬಹುದಿತ್ತು, ಕೇಳೋರು ಯಾರಿದ್ರು? ಅವರು ಹಂಗೆ ಮಾಡಲಿಲ್ಲ. ಅವರ ಅಳತೆ ಕಠಿಣ. ಸುವಾರ್ತೇಲಿ ಲೂಕನ 14ನೇ ಅಧ್ಯಾಯ ತೆಗೆದು ನೋಡಿದ್ರೆ ಆ ಅಳತೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಮನೆ ಕಟ್ಟೋಕೆ ಮುಂಚೆ ಖರ್ಚಿನ ಲೆಕ್ಕ ಹಾಕೋ ಹಂಗೆ ಹಾಕ್ಕೊಂಡು ಬಾ, ಅಪ್ಪ ಅಮ್ಮ ಹೆಂಡ್ತಿ ಮಕ್ಕಳಿಗಿಂತ ಇದು ದೊಡ್ಡದಾದ್ರೆ ಮಾತ್ರ ಬಾ ಅನ್ನೋ ಅರ್ಥದ ಮಾತು ಅಲ್ಲಿದೆ. ಅಷ್ಟು ಕೊಟ್ಟು ಬಂದೋರು ಯಾರಪ್ಪಾ ಇಲ್ಲಿ ಅಂತ ದುಬುವಾ ಹುಡುಕಿದ್ರು.

ಹುಡುಕಿದಂಥೋನು ಸಿಕ್ಕಿದ್ದು ಅವರು ಹೋದ 21 ವರ್ಷಕ್ಕೆ, ಮಂಗಳೂರಲ್ಲಿ, ಅದೂ ಬಾಸೆಲ್ ಮಿಷನ್ನಿನ ಪ್ರಾಟೆಸ್ಟೆಂಟರ ಕೈಗೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ಾನ 1843ರಲ್ಲಿ ಶುರು ಮಾಡಿದ ಮೋಗ್ಲಿಂಗ್ ಹೆಸರು ಕೇಳಿರ್ತೀರಿ. ಅವರ ಶಾಲೇಲಿ ಓದ್ತಿದ್ದ ಆನಂದರಾವ್ ಕೌಂಡಿಣ್ಯ, ಸಾರಸ್ವತ ಬ್ರಾಹ್ಮಣರ ಹುಡುಗ, 1844ರಲ್ಲಿ ದೀಕ್ಷಾಸ್ನಾನ ತಗೊಂಡ. ಊರೆಲ್ಲ ಗಲಾಟೆ. ತಂದೆ ತಾಯಿ, ಜಾತಿ, ಮನೆ ಎಲ್ಲಾ ಹೋಯ್ತು. 1846ರಲ್ಲಿ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ಸು ಬಂದ್ರು. ದುಬುವಾ ಆಗ ಇದ್ದಿದ್ರೆ ಇವನೇ ನಾನು ಹೇಳಿದ ಶಿಷ್ಯ ಅಂತಿದ್ರು.

ಆದ್ರೆ ಆ ಹುಡುಗನಿಗೆ ಆಗಲೇ ಮದುವೆ ಆಗಿತ್ತು. ಹೆಂಡತಿ ಜೊತೆಗೆ ಬರಲಿಲ್ಲ, ಅವಳ ಕಡೆಯೋರು ಕಳಿಸಲಿಲ್ಲ. ಅವರು ಮುಂದೆ ಜರ್ಮನಿಯ ಹೆಣ್ಣನ್ನ ಮದುವೆ ಆದ್ರು. ಗಂಡ ಇದ್ದೂ ಇಲ್ಲದ ಹೆಂಗಸಿಗೆ ಆ ಕಾಲದಲ್ಲಿ ಏನು ಬಾಳು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಕೌಂಡಿಣ್ಯ ಕೊಟ್ಟ ಬೆಲೇನ ಎಲ್ಲರೂ ಬರೀತಾರೆ. ತಾನು ಆರಿಸಿಕೊಳ್ಳದ ಒಂದು ದಾರಿಗೆ ಆ ಹುಡುಗಿ ಸುಂಕ ಕಟ್ಟಿದ್ಲಲ್ಲ, ಅದು ಯಾವ ಲೆಕ್ಕಕ್ಕೆ ಜಮಾ? ನಂಗೆ ಈ ಕತೆ ಓದಿದಾಗೆಲ್ಲ ಅವಳದೇ ಯೋಚನೆ. ಕೌಂಡಿಣ್ಯರ ಧೈರ್ಯ ಸುಳ್ಳು ಅಂತಲ್ಲ. ಅಷ್ಟು ಧೈರ್ಯ ಬರೀ ಒಬ್ಬನ ಗಂಟಿನಿಂದ ಖರ್ಚಾಗಲ್ಲ ಅಂತ.

ಈಗ ಶ್ರೀರಂಗಪಟ್ಟಣದ ಆ ಸೆರೆಯೋರಿಗೆ ಬರ್ತೀನಿ. ದುಬುವಾ ಅವರ ಮೇಲೂ ಮುನಿಸಿಕೊಂಡಿದ್ದಾರೆ. ಅಷ್ಟು ಸಾವಿರ ಜನದಲ್ಲಿ ಒಬ್ಬನಾದ್ರೂ ನಾನು ಕ್ರೈಸ್ತ, ಬೇಕಾದ್ರೆ ತಲೆ ತೆಗೀರಿ ಅಂತ ನಿಲ್ಲಲಿಲ್ಲವಲ್ಲ ಅಂತ. ಸರಿ. ಆದ್ರೆ 1799ರಲ್ಲಿ ಬಾಗಿಲು ತೆರೆದ ಕೂಡ್ಲೇ ಅವರು ಗುಂಪು ಗುಂಪಾಗಿ ವಾಪಸ್ಸು ಬಂದ್ರು. ಬಂದೋರನ್ನ ಮತ್ತೆ ಸೇರಿಸ್ಕೊಂಡಿದ್ದೂ ಇದೇ ದುಬುವಾ. ಮಧ್ಯೆ ಹದಿನೈದು ವರ್ಷ. ದೇವಸ್ಥಾನ ಇಲ್ಲ, ಪೂಜೆ ಇಲ್ಲ, ಗಂಟೆ ಇಲ್ಲ. 1784ರಲ್ಲಿ ತೊಟ್ಟಿಲಲ್ಲಿದ್ದ ಹೆಣ್ಣುಮಗು ಅಷ್ಟೊತ್ತಿಗೆ ಹದಿನೈದು ದಾಟಿರ್ತಾಳೆ. ಅವಳು ಎಲ್ಲಿಗೆ ವಾಪಸ್ಸು ಬಂದ್ಲು? ಅವಳು ಕಂಡೇ ಇಲ್ಲದ ಜಾಗಕ್ಕೆ ವಾಪಸ್ಸು ಅನ್ನೋ ಮಾತು ಹೆಂಗೆ ಬರುತ್ತೆ? ಯಾರೋ ಅವಳಿಗೆ ಕತ್ತಲಲ್ಲಿ ಕಿವೀಲಿ ಹೇಳಿಕೊಟ್ಟಿರಬೇಕು. ಸಿಪಾಯಿಗೆ ಕೇಳಿಸದಂಗೆ, ಒಲೆ ಮುಂದೆ, ಕೂಸಿಗೆ ಹಾಲು ಕುಡಿಸೋ ಹೊತ್ತಲ್ಲಿ. ಇದು ನನ್ನ ಊಹೆ. ಆದ್ರೆ ಬೇರೆ ಯಾವ ಊಹೇನೂ ನಂಗೆ ಹೊಳೀತಿಲ್ಲ.

ನಮ್ಮ ಕಡೆ ಹಳ್ಳಿಗಳಲ್ಲೂ ಹಂಗೇ. ಪಾದ್ರಿ ಅಂದ್ರೆ ವರ್ಷಕ್ಕೆ ಒಂದೋ ಎರಡೋ ಸಲ ಕುದುರೆ ಮೇಲೆ ಬರೋರು. ಬಂದಾಗ ಹುಟ್ಟಿದ ಮಕ್ಕಳಿಗೆಲ್ಲ ಒಟ್ಟಿಗೆ ಜ್ಞಾನಸ್ನಾನ, ಜೊತೆ ಕಟ್ಟಿದೋರಿಗೆಲ್ಲ ಒಟ್ಟಿಗೆ ಮದುವೆ. ಪೂಜೆ ಲ್ಯಾಟಿನ್ನಿನಲ್ಲಿ, ಸ್ವಾಮಿಗಳು ಜನಕ್ಕೆ ಬೆನ್ನು ತಿರುಗಿಸ್ಕೊಂಡು. 1962ರಿಂದ 65ರ ತನಕ ರೋಮಿನಲ್ಲಿ ದೊಡ್ಡ ಮಹಾಸಭೆ ನಡೆದ ಮೇಲೇ ಪೂಜೆ ಕನ್ನಡಕ್ಕೆ ಬಂದಿದ್ದು. ಅಂದ್ರೆ ಮುನ್ನೂರು ವರ್ಷ ನಮ್ಮ ಹೆಂಗಸರಿಗೆ ದೇವಸ್ಥಾನದಲ್ಲಿ ಕೇಳಿದ್ದು ಒಂದಕ್ಷರ ಗೊತ್ತಾಗ್ತಿರಲಿಲ್ಲ. ಗೊತ್ತಾಗ್ತಿದ್ದದ್ದು ಮನೇಲಿ ಹೇಳೋ ಜಪಸರ.

ನಮ್ಮತ್ತೆ ಹೇಳೋ ಜಪಸರ ನೀವು ಕೇಳಬೇಕು. ದೀಪ ಹಚ್ಚೋ ಹೊತ್ತಿಗೆ ಚಾಪೆ ಹಾಸಿ ಮಕ್ಕಳನ್ನೆಲ್ಲ ಮಂಡಿಯೂರಿಸಿ ಶುರು ಮಾಡೋರು. ಮುದ್ದೆ ಆಮೇಲೆ. ಮೂರನೇ ಸುತ್ತಿಗೆ ತೂಕಡಿಸೋ ಮಗು ಮುಖಕ್ಕೆ ಚೊಂಬಿನಿಂದ ನೀರು ಚಿಮುಕಿಸೋರು. ಲ್ಯಾಟಿನ್ನಿನಲ್ಲಿ ಹೇಳೋ ಉತ್ತರಗಳನ್ನ ಒಂದೇ ಪದ ಮಾಡಿ, ರಾಗಿ ಒನೆಯೋ ಲಯದಲ್ಲಿ ಹೇಳೋರು. ಅದರ ಅರ್ಥ ಏನು ಅಂತ ನಾನು ಮದುವೆಯಾದ ಹೊಸದರಲ್ಲಿ ಕೇಳ್ದೆ. "ಅರ್ಥ ಸ್ವಾಮ್ಗಳಿಗೆ ಗೊತ್ತದೆ, ನೀನು ಹೇಳು" ಅಂದ್ರು. ದಿನಾ ಅಕ್ಕಿ ಅಳೆಯೋವಾಗ ಒಂದು ಹಿಡಿ ಬೇರೆ ಮಡಕೆಗೆ ಹಾಕೋರು. ಅದು ತುಂಬಿದ ಮೇಲೆ ಯಾರ ಮನೆಗೆ ಹೋಗ್ತಿತ್ತು ಅಂತ ನಮಗೆ ಹೇಳ್ತಿರಲಿಲ್ಲ. ಮಡಕೆ ಖಾಲಿ ಆಗಿರೋದು ಮಾತ್ರ ಕಾಣಿಸ್ತಿತ್ತು.

ಕನಕಪುರ ದಾಟಿ ಹೋದ್ರೆ ಅರ್ಕಾವತಿ ಅಣೆಕಟ್ಟಿನ ಹತ್ರ ಹಾರೋಬೆಲೆ ಸಿಗುತ್ತೆ. 2019ರ ಕೊನೇಲಿ ಅಲ್ಲಿನ ಕಪಾಲಬೆಟ್ಟದ ಯೇಸು ಪ್ರತಿಮೆ ವಿಷ್ಯಕ್ಕೆ ಟೀವೀಲಿ ಗಲಾಟೆಯೋ ಗಲಾಟೆ, ಹಂಗಾಗಿ ನಿಮಗೆ ಊರ ಹೆಸರು ಗೊತ್ತಿರಬಹುದು. ಗೊತ್ತಿರಬೇಕಾದ ವಿಷ್ಯ ಬೇರೆ ಇದೆ. ಪವಿತ್ರ ವಾರದಲ್ಲಿ ಅಲ್ಲಿ 'ಮಹಿಮೆ' ಅಂತ ಆಡ್ತಾರೆ, ಯೇಸುವಿನ ಯಾತನೆ, ಮರಣದ ಕತೆ. ನೂರು ವರ್ಷ ದಾಟಿದೆ. ಆಡೋರು ಕಂಪನಿ ನಾಟಕದೋರಲ್ಲ, ಊರಿನೋರೇ. ಹೊಲ ಉಳೋರು, ರೇಷ್ಮೆ ಸಾಕೋರು, ಬೆಂಗಳೂರಿಗೆ ಕೆಲಸಕ್ಕೆ ಬಂದೋರು ಎಲ್ಲಾ ಸೇರಿ. ಓದು ಬಾರದ ಕಾಲದಲ್ಲಿ ಇಡೀ ಸುವಾರ್ತೆ ಬಾಯಿಗೆ ಬರೋ ಹಂಗೆ ಮಾಡಿದ ಪಾಠಶಾಲೆ ಅದು. ಪಿಲಾತ ಕೈ ತೊಳೆಯೋದು, ಪೇತ್ರ ನನಗೆ ಆತ ಗೊತ್ತಿಲ್ಲ ಅಂತ ಮೂರು ಸಲ ಅನ್ನೋದು, ಇದನ್ನೆಲ್ಲ ಅಲ್ಲಿನ ಮಕ್ಕಳು ಪುಸ್ತಕಕ್ಕಿಂತ ಮುಂಚೆ ತಮ್ಮ ಚಿಕ್ಕಪ್ಪನೋ ಮಾವನೋ ಮಾಡೋದರಲ್ಲಿ ನೋಡ್ತಾರೆ. ಅಲ್ಲಿಂದ ಗುರುಗಳಾಗಿ, ಕನ್ಯಾಸ್ತ್ರೀಯರಾಗಿ ಹೋದೋರು ಬೇಕಾದಷ್ಟು ಜನ.

ಇಷ್ಟೆಲ್ಲ ಹೇಳಿದ್ರೂ ದುಬುವಾ ಕೇಳಿದ ಪ್ರಶ್ನೆ ಹೋಗಲ್ಲ. ಬಾಯಿಗೆ ಬಂದದ್ದೆಲ್ಲ ಮನಸ್ಸಿಗೆ ಬಂತಾ? ಜಪಸರ ಹೇಳಿದ್ರೆ ಶಿಷ್ಯರಾದಂಗಾ? ನನ್ನ ಮಗಳು ಹದಿನಾರು ವರ್ಷಕ್ಕೆ ಇದನ್ನೇ ಕೇಳಿದ್ಲು, ಅವಳಿಗೆ ಆ ಪಾದ್ರಿ ಹೆಸರೂ ಗೊತ್ತಿಲ್ಲ. "ನೀನು ಹುಟ್ಟಿದ್ದಕ್ಕೆ ಕ್ರಿಶ್ಚಿಯನ್ ಆಗಿದ್ದೀಯಾ, ಯೋಚಿಸಿ ಆಗಿದ್ದೀಯಾ?" ಭಾನುವಾರದ ಧರ್ಮೋಪದೇಶದ ತರಗತೀಲಿ ಅವಳು ಫಸ್ಟು, ಸರ್ಟಿಫಿಕೇಟು ಇನ್ನೂ ಬೀರುವಲ್ಲಿದೆ. ಈಗ ಅವಳು ಪೂಜೆಗೆ ಬರೋದು ಹಬ್ಬಕ್ಕೆ ಮಾತ್ರ.

ಅವಳಿಗೆ ನಾನೇನು ಹೇಳಲಿ? ಬಾಯಿಪಾಠದಲ್ಲಿ ಎಲ್ಲಾ ಇದೆ ಅಂದ್ರೆ ಅದು ಸುಳ್ಳು. ನಮ್ಮತ್ತೆ ದಾಟಿಸಿದ್ದು ಜಪಸರ ಒಂದೇ ಅಲ್ಲ. ಜರಗನಹಳ್ಳಿ ಹೊಲಗಳೆಲ್ಲ ಲೇಔಟಾದಾಗ ಎಲ್ಲರ ಮನೇಲೂ ಆದಂಗೆ ನಮ್ಮ ಮನೇಲೂ ಸೈಟಿನ ಜಗಳ ಆಯ್ತು. ಅತ್ತೆಗೂ ಅವರ ಓರಗಿತ್ತಿಗೂ ನಾಲ್ಕು ವರ್ಷ ಮಾತಿರಲಿಲ್ಲ. ಒಂದು ತಪಸ್ಸುಕಾಲದಲ್ಲಿ ಪಾಪನಿವೇದನೆ ಮಾಡಿ ಬಂದ ಅತ್ತೆ, ಪಾಸ್ಕ ಹಬ್ಬದ ದಿನ ಡಬ್ಬಿಗೆ ಪಾಯಸ ಹಾಕಿ, ಏಳು ವರ್ಷದ ನನ್ನ ಮಗಳ ಕೈ ಹಿಡ್ಕೊಂಡು ಆ ಮನೆಗೆ ಹೊರಟ್ರು. ತಪ್ಪು ನಮ್ಮದಲ್ಲ ಅಂತ ನಮ್ಮೆಜಮಾನ್ರು ಅಡ್ಡ ನಿಂತ್ರು. "ತಪ್ಪು ಯಾರದು ಅಂತ ನಾ ಕೇಳ್ತಾ ಇಲ್ಲ, ದಾರಿ ಬಿಡು" ಅಂದ್ರು. ಆ ವರ್ಷ ಅವರು ಬಾಗಿಲು ತೆಗೀಲಿಲ್ಲ. ಮಾರನೇ ವರ್ಷ ಡಬ್ಬಿ ತಗೊಂಡು, ತೊಳೆದು, ಖಾಲಿ ವಾಪಸ್ಸು ಕಳಿಸಿದ್ರು. ಖಾಲಿ ಪಾತ್ರೆ ವಾಪಸ್ಸು ಬಂದ್ರೆ ಏನರ್ಥ ಅಂತ ನಿಮಗೆ ಗೊತ್ತಲ್ಲ. ನಾನಾಗಿದ್ರೆ ಅಲ್ಲಿಗೆ ಮುಗೀತು. ಅತ್ತೆ ಮೂರನೇ ವರ್ಷಾನೂ ಹೋದ್ರು, ಮಗೂನ ಕರ್ಕೊಂಡೇ. ಆ ಸಲ ಡಬ್ಬೀಲಿ ಎರಡು ಅಚ್ಚು ಬೆಲ್ಲ ಇತ್ತು. ಸೈಟಿನ ಕೇಸು ಮಾತ್ರ ಇನ್ನೂ ಕೋರ್ಟಲ್ಲೇ ಇದೆ, ಅದು ಬೇರೆ.

ಈಗ ಮಗಳಿಗೆ ಇಪ್ಪತ್ಮೂರು. ಜಪಸರದ ರಹಸ್ಯಗಳು ಯಾವ ದಿನ ಯಾವುದು ಅಂತ ಅವಳಿಗೆ ಮರೆತಿದೆ. ಆ ಮೂರು ವರ್ಷ ಆ ಬಾಗಿಲ ಮುಂದೆ ನಿಂತದ್ದು ಒಂದೊಂದೂ ನೆನಪಿದೆ, ಬಾಗಿಲಿನ ಬಣ್ಣ ಸಮೇತ. ಇದನ್ನ ದೊಡ್ಡ ಸ್ವಾಮಿಯೋರು ಯಾವ ಕಾಲಮ್ಮಿಗೆ ಹಾಕ್ತಿದ್ರೋ.

ಹೋದ ತಿಂಗಳು ಅವಳು ಅಜ್ಜಿ ಹೇಳೋ ಪ್ರಾರ್ಥನೆಗಳನ್ನ ಫೋನಿನಲ್ಲಿ ರೆಕಾರ್ಡು ಮಾಡಿದ್ಲು. ಭಕ್ತಿಗಲ್ಲ, ಅದರಲ್ಲಿರೋ ಹಳೇ ಕನ್ನಡ ಪದಗಳು ಈಗಿನ ಅಚ್ಚಿನ ಪುಸ್ತಕದಲ್ಲಿ ಇಲ್ಲವಂತೆ, ಅದಕ್ಕೆ. ಇದನ್ನ ಅವಳು ಅಜ್ಜಿಗೆ ನೇರವಾಗೇ ಹೇಳಿದ್ಲು. ಅತ್ತೆ, "ಯಾತಕ್ಕಾದ್ರೂ ಆಗ್ಲಿ, ಇಲ್ಲಿ ಕೂತ್ಕ, ಕಾಲು ಮಡಚ್ಕ" ಅಂದು ಶುರು ಮಾಡಿದ್ರು. ಇಪ್ಪತ್ತೇಳು ನಿಮಿಷ ಇದೆ. ಮಧ್ಯೆ ಎರಡು ಕಡೆ ನನ್ನ ಕುಕ್ಕರು ಕೂಗಿದೆ, ಒಂದು ಕಡೆ ಅತ್ತೆ ನಿಲ್ಲಿಸಿ ಬೆಕ್ಕನ್ನ ಬೈದಿದ್ದಾರೆ. ಕನಕಪುರ, ಆನೇಕಲ್ ಕಡೆ ನಿಮ್ಮ ಮನೆ ಅಜ್ಜಿಯರು ಬೇರೆ ಥರಾ ಹೇಳ್ತಿದ್ರೆ ಅದನ್ನೂ ಹಿಡಿದು ಕಳಿಸಿ, ಮಗಳು ಹೋಲಿಸಿ ನೋಡಬೇಕಂತೆ. ಬೇಕಾದೋರಿಗೆ ನಮ್ಮದನ್ನ ನಾನು ಕಳಿಸ್ತೀನಿ.